ಎದುರು ದಿಕ್ಕಿನ ಕಾಲೇಜು

ಮಗಳ ಬಲಗಾಲು ಗಾಡಿಯ ಹೊರಗಿತ್ತು. ಆ ಚಿತ್ರ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ಕುಕ್ಕರ್ ಕೂಗುವುದನ್ನು ಕಾಯುವಾಗ, ಟ್ಯೂಷನ್ನಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ, ಅದು ಸುಮ್ಮನೆ ಬಂದು ನಿಲ್ಲುತ್ತದೆ: ನೀಲಿ ಚಪ್ಪಲಿ, ಅದರ ಕೆಳಗೆ ಓಡುತ್ತಿರುವ ಜಲ್ಲಿಕಲ್ಲು. ಅವಳೀಗ ಎಂಬಿಬಿಎಸ್ ಎರಡನೇ ವರ್ಷದಲ್ಲಿದ್ದಾಳೆ. ಮೊದಲ ವರ್ಷವನ್ನು ಚೆನ್ನಾಗಿಯೇ ದಾಟಿದಳು. ನಾವು ಗೆದ್ದೆವು ಎಂದೇ ನಾನು ಎಲ್ಲರಿಗೂ ಹೇಳುವುದು, ಅದು ಸುಳ್ಳೂ ಅಲ್ಲ. ಆದರೆ ಗೆದ್ದದ್ದು ನನಗೆ ನೆನಪಾಗುವುದು ಯಾವಾಗಲೂ ಆ ಕಾಲಿನ ನಂತರವೇ.

ಆ ಮಳೆಗಾಲದಲ್ಲಿ, ಪ್ರವೇಶ ಪರೀಕ್ಷೆಯಲ್ಲಿ ಅವಳಿಗೆ ಬಂದ ಅಂಕಕ್ಕೆ ಎರಡು ಕಡೆ ಸೀಟು ಸಿಗುವಂತಿತ್ತು. ಒಂದು ನವಿ ಮುಂಬಯಿಯ ಹಳೆಯ ಖಾಸಗಿ ಕಾಲೇಜು. ಹೆಸರು ಹೇಳಿದರೆ ನೆಂಟರು ಹುಬ್ಬೇರಿಸುತ್ತಿದ್ದರು, ಫೀಸು ಕೇಳಿದರೆ ನಾವು. ಇನ್ನೊಂದು, ಕಲ್ಯಾಣದಾಚೆ ಹಳೆಯ ಸರಕಾರಿ ಆಸ್ಪತ್ರೆಯೊಂದಕ್ಕೆ ಹೊಸದಾಗಿ ಸೇರಿಸಿದ ಕಾಲೇಜು. ಫೀಸು ನಮ್ಮ ಕೈಗೆಟಕುವಂಥದ್ದು. ಆದರೆ ಅಲ್ಲಿಂದ ಒಬ್ಬ ಡಾಕ್ಟರೂ ಇನ್ನೂ ಪಾಸಾಗಿ ಹೊರಬಂದಿರಲಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲು ಇನ್ನೂ ಮೇಲೇಳುತ್ತಿತ್ತು. ಅಂದರೆ ದಿನಾ ಡೊಂಬಿವಲಿಯಿಂದ ಲೋಕಲ್ ಹಿಡಿಯಬೇಕು.

ನನ್ನ ಗಂಡ ಮೈಸೂರಿನವರು, ಫೈನಾನ್ಸ್ ಕಂಪನಿಯಲ್ಲಿ ಕೆಲಸ. ಘೋಡಬಂದರ್ ರಸ್ತೆಯಲ್ಲಿ ಬುಕ್ ಮಾಡಿದ್ದ ಫ್ಲ್ಯಾಟನ್ನು ಬಿಟ್ಟುಕೊಟ್ಟು, ಮೇಲೊಂದಿಷ್ಟು ಸಾಲ ತೆಗೆದು ಹಳೆಯ ಕಾಲೇಜಿಗೇ ಸೇರಿಸುವುದೆಂದು ಅವರು ಮನಸ್ಸಿನಲ್ಲಿ ನಿಶ್ಚಯಿಸಿಯಾಗಿತ್ತು.

"ಫ್ಲ್ಯಾಟು ಇನ್ನೊಂದು ಸಿಗತ್ತೆ ಕಣೇ. ಹೆಸರಿಲ್ಲದ ಕಾಲೇಜಲ್ಲಿ ಓದಿದ್ರೆ ನಾಳೆ ಇವಳ ಬೋರ್ಡ್ ನೋಡಿ ಯಾರು ಒಳಗೆ ಬರ್ತಾರೆ?"

"ಪಪ್ಪಾ, ಪೇಶಂಟ್ ಲೋಗ್ ಬೋರ್ಡ್ ನಹೀ ಪಢತೇ," ಎಂದಳು ಮಗಳು.

"ಅವರು ಓದಲ್ಲ, ಅವರ ಮನೇವ್ರು ಓದ್ತಾರೆ."

ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುವುದು ನಮ್ಮ ಮನೆಯ ಮಾಮೂಲು. ಬಯ್ದು ಬಯ್ದು ನಾನೇ ಬಿಟ್ಟುಬಿಟ್ಟಿದ್ದೆ.

ಮೊದಲು ಹಳೆಯ ಕಾಲೇಜನ್ನು ನೋಡಿ ಬರೋಣವೆಂದು ನಾನೂ ಅವಳೂ ಒಂದು ಬೆಳಿಗ್ಗೆ ಹೊರಟೆವು. ಆಫೀಸಿನ ಹೊತ್ತಿನಲ್ಲಿ ನಾನು ಗಾಡಿ ಹತ್ತಿ ವರ್ಷಗಳೇ ಆಗಿದ್ದವು. ಡೊಂಬಿವಲಿಯಲ್ಲಿ ಹೆಂಗಸರ ಡಬ್ಬಿ ಎದುರು ಬಂದು ನಿಲ್ಲುತ್ತಿದ್ದಂತೆ ಹಿಂದಿನವರು ನನ್ನನ್ನು ಎತ್ತಿ ಒಳಗೆ ಹಾಕಿದರು ಎನ್ನಬೇಕು. ಮಗಳು ಬಾಗಿಲಲ್ಲೇ ಉಳಿದಳು. ಗಾಡಿ ವೇಗ ಹಿಡಿದಾಗ ಒಳಗೆ ಯಾರೋ ಜರುಗಿದರು. ಆ ಒತ್ತಡ ಒಬ್ಬರಿಂದೊಬ್ಬರಿಗೆ ದಾಟಿ ಬಾಗಿಲವರೆಗೂ ಹೋಯಿತು. ಅವಳ ಕೈ ಕಂಬದಿಂದ ಜಾರಿತು. ಯಾರದೋ ಮೊಣಕೈಯ ಸಂದಿಯಲ್ಲಿ ನನಗೆ ಅವಳ ಕಾಲು ಕಾಣಿಸಿತು.

ನಾನು ಕೂಗಿದೆ. ಹೊರಟದ್ದು ತವರಿನ ತುಳು. "ಪತ್ತ್‌ಲೆ! ಪತ್ತ್‌ಲೆ!" ಹಿಡಿಯಿರಿ, ಹಿಡಿಯಿರಿ ಎಂದು. ಅಲ್ಲಿ ಯಾರಿಗೆ ತಿಳಿಯಬೇಕು? ತಿಳಿಯಬೇಕಾಗಿಯೂ ಇರಲಿಲ್ಲ. ಬಾಗಿಲ ಬಳಿಯಿದ್ದ ಹೆಂಗಸೊಬ್ಬಳು ಆಗಲೇ ಅವಳ ಚೀಲದ ಪಟ್ಟಿಯನ್ನು ಹಿಡಿದಾಗಿತ್ತು, ಇನ್ನೊಬ್ಬಳು ಜಡೆಯನ್ನು. ಇಬ್ಬರೂ ಸೇರಿ ಜಗ್ಗಿ ಒಳಗೆ ತಂದರು.

"ಜಡೆ ಕತ್ತರಿಸಬೇಡ ಹುಡುಗಿ, ಹಿಡಿಯೋಕೆ ಅನುಕೂಲ," ಎಂದು ಜಡೆ ಹಿಡಿದವಳು ಮರಾಠಿಯಲ್ಲಿ ಗದರಿದಳು. ಸುತ್ತಲಿನವರೆಲ್ಲ ನಕ್ಕರು. ಮಗಳೂ ನಕ್ಕಳು. ನಾನೊಬ್ಬಳು ನಗಲಿಲ್ಲ.

ಥಾಣೆಯಲ್ಲಿ ಗಾಡಿ ಬದಲಿಸಿ, ಸಾನಪಾಡಾದಲ್ಲಿ ಇಳಿದು ರಿಕ್ಷಾ ಹಿಡಿದೆವು. ಕಾಲೇಜು ನಿಜಕ್ಕೂ ಚೆನ್ನಾಗಿತ್ತು. ದೊಡ್ಡ ಲೈಬ್ರರಿ, ಗೋಡೆ ತುಂಬ ಹಳೆಯ ಬ್ಯಾಚುಗಳ ಫೋಟೋ, ಮೆತ್ತಗೆ ಮಾತಾಡುವ ಆಫೀಸಿನವರು. ಅವರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು: ಹಾಸ್ಟೆಲು ಕಾಂಪೌಂಡಿನ ಒಳಗೇ ಇದೆ.

ಮನೆಗೆ ಬಂದವಳೇ ಗಂಡನಿಗೆ ಹೇಳಿದೆ: "ಅಲ್ಲಿಗೇ ಸೇರಿಸಿ. ಸಾಲ ಆದ್ರೆ ಆಗ್ಲಿ. ಅವಳು ಹಾಸ್ಟೆಲಲ್ಲೇ ಇರ್ಲಿ."

ಅವರಿಗೆ ಖುಷಿಯಾಯಿತು, ಕಾರಣ ಕೇಳಲಿಲ್ಲ. ಕಾಲಿನ ವಿಷಯ ನಾವಿಬ್ಬರೂ ಅವರಿಗೆ ಹೇಳಿರಲಿಲ್ಲ. ಮಗಳು ಅಡುಗೆಮನೆಗೆ ಬಂದು ಕಟ್ಟೆಗೆ ಒರಗಿ ನಿಂತಳು.

"ತುಮ್ ಡರ್ ಗಯೀ ಹೋ ಅಮ್ಮ. ಬಸ್, ಇತನಾ ಹೀ."

"ಹೌದು, ಹೆದರಿದ್ದೀನಿ. ಹೆದರಬಾರದಾ?"

ಹೆದರು, ಆದರೆ ಒಂದು ಸಲ ಆ ಹೊಸ ಕಾಲೇಜಿಗೂ ಬಾ, ಇವತ್ತು ಹೋದ ಹೊತ್ತಿಗೇ ಹೋಗೋಣ, ಆಮೇಲೆ ನೀನು ಹೇಳಿದ ಹಾಗೆ ಎಂದಳು. ಸೀಟು ಒಪ್ಪಿಕೊಳ್ಳಲು ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ನಾನು ಒಪ್ಪಿದ್ದು ಅವಳ ಬಾಯಿ ಮುಚ್ಚಿಸುವುದಕ್ಕೆ.

ಡೊಂಬಿವಲಿಯವರಿಗೆ ಬೆಳಗಿನ ಗಾಡಿ ಎಂದರೆ ಮುಂಬಯಿ ಕಡೆಯ ಗಾಡಿ. ಎದುರು ದಿಕ್ಕಿಗೂ ಗಾಡಿ ಹೋಗುತ್ತದೆಂಬುದು ಗೊತ್ತಿರುತ್ತದೆ, ಆದರೆ ಲೆಕ್ಕಕ್ಕೆ ಬರುವುದಿಲ್ಲ. ಮಗಳು ಕಲ್ಯಾಣದ ಕಡೆ ಹೋಗುವವಳು ಎಂಬುದನ್ನು ನಾನು ಹೆದರುವಾಗ ಯೋಚಿಸಿರಲೇ ಇಲ್ಲ. ಆ ದಿನ ಪ್ಲಾಟ್‌ಫಾರ್ಮಿನಲ್ಲಿ ನಾನು ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ನಿಂತಿದ್ದೆ. ಗಾಡಿ ಬಂತು, ನಾವು ಹತ್ತಿದೆವು, ಕಿಟಕಿ ಪಕ್ಕದಲ್ಲಿ ಕೂತೆವು. ಇಷ್ಟೇ.

ಎದುರಿಗೆ ಕೂತಿದ್ದ ಹೆಂಗಸು ಬಟಾಣಿ ಸುಲಿಯುತ್ತಾ, "ರಿಟರ್ನಾ?" ಎಂದು ಕೇಳಿದಳು. ಆ ಡಬ್ಬಿಯಲ್ಲಿದ್ದವರು ಬಹುಪಾಲು ಮುಂಬಯಿಗೆ ಹೋಗುವವರೇ. ಕೂರಲು ಜಾಗ ಸಿಗಲೆಂದು ಮೊದಲು ಹಿಂದಕ್ಕೆ ಬಂದು, ಕೊನೆಯ ಸ್ಟೇಷನ್ನಿನಲ್ಲಿ ಇಳಿಯದೆ, ಅದೇ ಗಾಡಿಯಲ್ಲಿ ತಿರುಗಿ ಹೋಗುವುದು. ಅದಕ್ಕೆ ರಿಟರ್ನ್ ಎಂದು ಹೆಸರು.

"ಇಲ್ಲ, ನಾವು ಇಳೀತೀವಿ," ಎಂದೆ.

"ಇಳೀತೀರಾ!" ಅವಳು ಪಕ್ಕದವಳನ್ನು ತಿವಿದಳು. "ಕೇಳಿದ್ಯಾ, ಇವರು ಇಳೀತಾರಂತೆ."

ಕೊನೆಯ ಸ್ಟೇಷನ್ನು ಹತ್ತಿರವಾದಾಗ ನಾನು ಅಭ್ಯಾಸದಂತೆ ಎದ್ದು ಬಾಗಿಲ ಕಡೆ ಹೊರಟೆ. ಮಗಳು ನನ್ನ ಸೆರಗು ಹಿಡಿದು ಕೂರಿಸಿದಳು. ಗಾಡಿ ಇನ್ನೂ ನಿಂತಿರಲಿಲ್ಲ, ಹೊರಗಿನವರು ಸೀಟಿಗಾಗಿ ಹಾರಿ ಹಾರಿ ಒಳಬಂದರು. ಬಾಗಿಲಲ್ಲಿ ನಿಂತಿದ್ದರೆ ನಾನು ಪುಡಿಪುಡಿ. ಆ ಅಲೆ ಮುಗಿದ ಮೇಲೆ ಮಗಳು ನಿಧಾನವಾಗಿ ಎದ್ದು, ಸೀಟು ಸಿಗದೆ ನಿಂತಿದ್ದ ಇಬ್ಬರಿಗೆ ನಮ್ಮ ಜಾಗ ತೋರಿಸಿದಳು. ಅವರು ಅವಳ ತಲೆ ಸವರಿದರು. ನನ್ನ ಹುಡುಗಿ ಈ ದಾರಿಯನ್ನು ನನಗೆ ತಿಳಿಯದಂತೆ ಬಂದು ನೋಡಿಕೊಂಡು ಹೋಗಿದ್ದಳೆಂದು ನನಗೆ ಆಗ ಹೊಳೆಯಿತು.

ಕಾಲೇಜಿನ ಕಟ್ಟಡದಲ್ಲಿ ನೋಡುವಂಥದ್ದು ಹೆಚ್ಚೇನೂ ಇರಲಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಕಾಲಿಡಲು ಜಾಗವಿರಲಿಲ್ಲ. ನಾವು ಹೊರರೋಗಿಗಳ ವಿಭಾಗದ ಬೆಂಚಿನ ತುದಿಯಲ್ಲಿ ಕೂತೆವು. ಎದುರಿನ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಯುವ ಡಾಕ್ಟರೊಬ್ಬರು ನರೆಗೂದಲಿನ ಹೆಂಗಸಿಗೆ ಮರಾಠಿಯಲ್ಲಿ, ಹಿಂದಿಯಲ್ಲಿ ಏನೇನೋ ಕೇಳುತ್ತಿದ್ದರು. ಕಟ್ಟಡದ ಕೆಲಸಕ್ಕೆಂದು ಕಲಬುರಗಿ ಕಡೆಯಿಂದ ಬಂದವಳಿರಬೇಕು. ಅವಳು ಮತ್ತೆ ಮತ್ತೆ ಹೊಟ್ಟೆ ಮುಟ್ಟಿ ತೋರಿಸುತ್ತಿದ್ದಳು. ಡಾಕ್ಟರು ಬಾಗಿಲಿಗೆ ಬಂದು, ಕನ್ನಡ ಬರುವವರು ಯಾರಾದರೂ ಇದ್ದೀರಾ ಎಂದು ಕೂಗಿದರು.

ನಾನು ಏಳುವ ಮೊದಲೇ ಮಗಳು ಎದ್ದಾಗಿತ್ತು.

"ಅಜ್ಜಿ, ಎಲ್ಲಿ ನೋವು?" ಎಂದಳು. ಅವಳ ಬಾಯಲ್ಲಿ ಕನ್ನಡ ಬೇರೆಯವರ ಚಪ್ಪಲಿ ಹಾಕಿಕೊಂಡು ನಡೆದ ಹಾಗಿತ್ತು.

"ಅಜ್ಜಿ ಅಂತೀಯಲ್ಲ, ನನಗೇನ್ ಅಷ್ಟ್ ವಯಸ್ಸಾಗ್ಯಾದೇನು? ಅಕ್ಕಾ ಅನ್ನು."

"ಸಾರಿ ಅಕ್ಕ. ಎಲ್ಲಿ?"

"ಇಲ್ಲಿ, ಹೊಟ್ಟಿ ಮ್ಯಾಲ. ಉಂಡ ಕೂಡ್ಲೆ ಉರೀತದ. ಬೆನ್ನಿಗೂ ಹತ್ತತದ."

"ಯಾವಾಗಿಂದ? ವಾಂತಿ ಆಗುತ್ತಾ?"

ಆ ಹೆಂಗಸು ಅವಳ ಕೈಯನ್ನೇ ತೆಗೆದುಕೊಂಡು ತನ್ನ ಹೊಟ್ಟೆಯ ಮೇಲಿಟ್ಟಳು. ಮಗಳು ಕೈ ಹಿಂತೆಗೆಯಲಿಲ್ಲ. ಕೇಳಿದ್ದನ್ನು ಡಾಕ್ಟರಿಗೆ ಮರಾಠಿಯಲ್ಲಿ ಹೇಳಿದಳು, ಅವರು ಕೇಳಿದ್ದನ್ನು ಕನ್ನಡದಲ್ಲಿ ಹೇಳಿದಳು, ಗೊತ್ತಾಗದ ಪದಕ್ಕೆ ನನ್ನ ಮುಖ ನೋಡಿದಳು. ಹೊರಗೆ ನಿಂತು ನಾನು ಒಂದೆರಡು ಪದ ಕೊಟ್ಟಿರಬಹುದು, ಅಷ್ಟೇ.

ಮುಗಿದ ಮೇಲೆ ಡಾಕ್ಟರು ನನ್ನನ್ನು ಕೇಳಿದರು: "ನಮ್ಮ ಸ್ಟೂಡೆಂಟಾ ಇವಳು?"

"ಇನ್ನೂ ಇಲ್ಲ," ಎಂದೆ. ಹಾಗೆ ಹೇಳುವಾಗಲೇ ನಾನು ತೀರ್ಮಾನಿಸಿದ್ದು ನನಗೆ ಗೊತ್ತಾಯಿತು.

ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದೆ, ಮೊದಲು ಕಾಲಿನ ಸಂಗತಿಯನ್ನು, ಆಮೇಲೆ ಆಸ್ಪತ್ರೆಯದನ್ನು.

"ಆವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವೂ ಹೆದರ್ತಿದ್ರಿ. ಹೆದರೋರು ಇಬ್ಬರಾದ್ರೆ ಅವಳ ಕಡೆ ಯಾರಿರ್ತಾರೆ?"

"ಅಲ್ಲಾ, ನಿಜವಾಗ್ಲೂ ಕನ್ನಡದಲ್ಲಿ ಮಾತಾಡಿದ್ಳಾ?"

ಅದನ್ನೇ ಮತ್ತೆ ಮತ್ತೆ ಕೇಳಿದರು. ಕೊನೆಗೆ, "ಸರಿ, ಅಲ್ಲಿಗೇ ಹಾಕೋಣ. ಬೋರ್ಡಿಗೆ ನಾನೇ ದೊಡ್ಡ ಅಕ್ಷರದಲ್ಲಿ ಹೆಸರು ಬರೆಸ್ತೀನಿ," ಎಂದರು. ಮಗಳು ಓಡಿ ಬಂದು ಅವರ ಕೊರಳಿಗೆ ಜೋತುಬಿದ್ದಳು. ಕೈಯಲ್ಲಿದ್ದ ಚಹಾ ಅವರ ಬಿಳಿ ಬನಿಯನ್ನಿನ ಮೇಲೆಲ್ಲ ಚೆಲ್ಲಿತು. ಯಾರೂ ಒರೆಸಲಿಲ್ಲ.

ಕ್ಲಾಸುಗಳು ಶುರುವಾದ ಮೊದಲ ದಿನ ನಾನೂ ಅವಳ ಜೊತೆ ಹೋಗಿ, ಗೇಟಿನ ಹೊರಗಿನ ಕಟ್ಟೆಯ ಮೇಲೆ ಕೂತು, ಸಂಜೆ ಅವಳ ಜೊತೆಗೇ ಬಂದೆ. ಮರುದಿನ ಅವಳು ಬಿಳಿ ಕೋಟನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುವಷ್ಟರಲ್ಲಿ ನಾನು ಸೀರೆ ಉಟ್ಟು ಸಿದ್ಧಳಾಗಿದ್ದೆ.

"ಅಮ್ಮ," ಎಂದಳು, ಕನ್ನಡದಲ್ಲೇ, "ನಾನೊಬ್ಳೇ ಹೋಗ್ತೀನಿ."

ನಾನು ಅವಳ ಊಟದ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡಿ ಕೊಟ್ಟೆ. ಅವಳು ಮೆಟ್ಟಿಲಿಳಿದು ಹೋದಳು. ನಾನು ಹಿಂದೆ ಹೋಗಲಿಲ್ಲ.