ಮಾವನವರ ಕೆಮ್ಮು

ನಮ್ಮ ಮಾವನವರ ಕುತ್ತಿಗೆಯ ಹಿಂದೆ ಶಿವದಾರದಷ್ಟೇ ಅಗಲದ ಒಂದು ಗೆರೆ ಮಾತ್ರ ಮೊದಲಿನ ಬಣ್ಣದಲ್ಲಿತ್ತು. ಮಿಕ್ಕ ಬೆನ್ನೆಲ್ಲ ಕೆಂಪಗೆ ಊದಿಕೊಂಡು, ಹೆಗಲ ಮೇಲೆ ನೀರುಗುಳ್ಳೆ ಎದ್ದಿತ್ತು. ಸೊಸೆಯಾಗಿ ಬಂದು ಅಷ್ಟು ವರ್ಷವಾದ ಮೇಲೆ ನಾನು ಅವರ ಬೆನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಅತ್ತೆ ನಾನು ಬರುವ ಮೊದಲೇ ತೀರಿಹೋಗಿದ್ದರು. ತುಮಕೂರಿನ ಮನೆಯಲ್ಲಿ ನಾನೊಬ್ಬಳೇ ಹೆಂಗಸು. ಸೊಸೆಯ ಎದುರು ಅಂಗಿಯಿಲ್ಲದೆ ಕಾಣಿಸಿಕೊಳ್ಳಬಾರದು, ಅವಳಿರುವ ಕಡೆಗೆ ಸದ್ದಿಲ್ಲದೆ ಬರಬಾರದು ಅನ್ನುವುದು ಮಾವನವರ ಶಿಸ್ತು. ಅಡುಗೆಮನೆಗೆ ಬರಬೇಕಾದರೆ ಡೈನಿಂಗ್ ಟೇಬಲ್ ಹತ್ತಿರ ನಿಂತು ಒಂದು ಸಲ ಕೆಮ್ಮುತ್ತಿದ್ದರು. ಕಾಯಿಲೆಯ ಕೆಮ್ಮಲ್ಲ, ಬಾಗಿಲು ತಟ್ಟಿದ ಹಾಗೆ. ಆಮೇಲೆ ಫ್ರಿಜ್ಜಿಗೆ ಹೇಳುವವರಂತೆ, ಒಂದು ಲೋಟ ಕಾಫಿ ಸಿಕ್ಕಿದ್ರೆ ಆಗ್ತಿತ್ತು ಅನ್ನೋರು. ಬೇರೆ ಮಾತೆಲ್ಲ ನನ್ನ ಗಂಡನ ಮೂಲಕ. ನಾನು ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡವಳು. ಇವರು ಒಂದು ದಿನವಾದರೂ ನನ್ನ ಮುಖ ನೋಡಿ ಮಾತಾಡಲಿ ಅಂತ ಒಳಗೊಳಗೇ ಆಸೆಯಿತ್ತು. ಕೇಳುವುದು ಹೇಗೆ?

ಮಗಳಿಗೆ ಬೇಸಿಗೆ ರಜ ಬಂದಾಗ ಎಲ್ಲರೂ ಮಲ್ಪೆಗೆ ಹೋದೆವು. ಮಗಳು ಮಾವನವರ ಅಂಗಿ ಬಿಚ್ಚಿಸಿ ಅದರ ತುಂಬ ಕಪ್ಪೆಚಿಪ್ಪು ತುಂಬಿಕೊಂಡಳು. ಬನಿಯನ್ನು ಅಲೆಗೆ ನೆನೆಯಿತು ಅಂತ ಅದನ್ನೂ ತೆಗೆಸಿದಳು. ಬರಿಮೈಯಲ್ಲಿದ್ದಾರಲ್ಲ ಅಂತ ನಾನು ದೂರದಲ್ಲೇ ಉಳಿದೆ. ಮಗಳು ಮರಳಿನ ಮನೆ ಕಟ್ಟುತ್ತಿದ್ದರೆ ಅವಳಿಗೆ ನೆರಳಾಗಲಿ ಅಂತ ಮಾವನವರು ಬಿಸಿಲಿಗೆ ಬೆನ್ನು ಕೊಟ್ಟು ಕೂತರು. ಅವಳು ಆಚೆ ಸರಿದರೆ ಇವರೂ ಸರಿಯೋರು. ಗಂಡ ಹೋಗಿ ಕರೆದರೆ, "ನಿಟ್ಟೂರಿನ ಹೊಲದಾಗೆ ಬೆಳೆದೋನಿಗೆ ಬಿಸಿಲು ತೋರಿಸ್ತೀಯೇನ್ಲಾ? ಇಲ್ಲಿ ತಣ್ಣಗೆ ಗಾಳಿ ಬೀಸ್ತೈತೆ, ಹೋಗು" ಅಂದರಂತೆ. ಹೊಲದಲ್ಲಿ ಜೀವಮಾನವಿಡೀ ತುಂಬುತೋಳಿನ ಅಂಗಿ, ತಲೆಗೆ ಟವಲ್ಲು. ಆ ಬೆನ್ನು ಬಿಸಿಲನ್ನೇ ಕಂಡಿರಲಿಲ್ಲ ಅನ್ನುವುದು ಯಾರಿಗೂ ಹೊಳೆಯಲಿಲ್ಲ.

ವಾಪಸ್ ಬರುವಾಗ ಮುಂದಿನ ಸೀಟಿನಲ್ಲಿ ಒರಗದೆ ಕೂತರು. ಕುಣಿಗಲ್ಲಿನಲ್ಲಿ ಕಾಫಿಗೆ ಇಳಿದಾಗ ನಿಂತುಕೊಂಡೇ ಕುಡಿದರು. ಏನಾಗಿದೆ ಅಂದರೆ ಏನಿಲ್ಲ ಅಂದರು. ಗೂಳೂರು ದಾಟುವಾಗ ಮಗಳೇ ಹೇಳಿದಳು: "ತಾತನ ಅಂಗಿ ಬೆನ್ನಿಗೆ ಅಂಟ್ಕೊಂಡಿದೆ."

ಡಾಕ್ಟರು ಮುಲಾಮು ಕೊಟ್ಟರು. ಹಚ್ಚುವ ಕೆಲಸ ನನ್ನ ಗಂಡನದು. ಅವರ ಕೈ ಗೋಡೆಗೆ ಸುಣ್ಣ ಬಳಿಯುವ ಕೈ. ಮಾವನವರು ಹಲ್ಲು ಕಚ್ಚಿ ಕೂರೋರು. ಶಿವದಾರ ತಗುಲಿ ಸುಲಿದ ಚರ್ಮ ಉರಿಯುತ್ತಿದ್ದರೂ ತೆಗೆಯಲು ಒಪ್ಪಲಿಲ್ಲ. ಎರಡನೇ ದಿನ ಊಟ ಬೇಡ ಅಂದರು. ನನಗೆ ತಡೆಯಲಾಗಲಿಲ್ಲ. ಹಳೇ ಪಂಚೆಯ ಮೆತ್ತನೆ ಬಟ್ಟೆ, ಮುಲಾಮು ಹಿಡಿದು ಅವರ ಕೋಣೆಯ ಬಾಗಿಲಿಗೆ ಹೋದೆ. ಒಳಗೆ ಬರಿಮೈಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಹೆಜ್ಜೆ ಮುಂದಕ್ಕೆ ಬರಲಿಲ್ಲ. ಏನು ಮಾಡಬೇಕೋ ತೋಚದೆ ಒಂದು ಸಲ ಕೆಮ್ಮಿದೆ.

ಅವರ ಹೆಗಲು ಅಲುಗಿತು. ನೋವಿಗೆ ಅಂದುಕೊಂಡೆ, ನಗುತ್ತಿದ್ದರು.

"ನೀನ್ಯಾಕವ್ವ ಕೆಮ್ತೀಯ? ಬಾ."

ಶಿವದಾರದ ಕೆಳಗೆ ಬಟ್ಟೆ ಇಟ್ಟು, ಬೆರಳ ತುದಿಯಲ್ಲಿ ಹಚ್ಚಿದೆ. ಬೆನ್ನು ಬಿಗಿ ಬಿಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ಹಿಂದೆ ತಿರುಗಿ ನನ್ನ ಮುಖ ನೋಡಿದರು. "ಗೊಜ್ಜಿಗೆ ಸುಟ್ಟ ಬದ್ನೆಕಾಯಿ ಆಗೋಗಿದೀನಿ ಕಣವ್ವ. ಸಿಪ್ಪೆ ಹುಷಾರಾಗಿ ಬಿಡಿಸು." ಕಣ್ಣು ಮಂಜಾಗಿದ್ದರಿಂದ ನಾನು ಬೇಗ ಬೇಗ ಮುಲಾಮಿನ ಮುಚ್ಚಳ ಹಾಕಿದೆ. ಅಂದು ರಾತ್ರಿ ಮುದ್ದೆ ಕೇಳಿ ಹಾಕಿಸಿಕೊಂಡರು.

ಬೆನ್ನು ವಾಸಿಯಾಯಿತು. ಅಂಗಿ ಮತ್ತೆ ಬಂತು, ಕೆಮ್ಮು ಬರಲಿಲ್ಲ. ನೆಟ್ಟಗೆ ಅಡುಗೆಮನೆಗೆ ಬಂದು, ಸ್ಟೂಲ್ ಎಳೆದುಕೊಂಡು ಅವರೆಕಾಯಿ ಬಿಡಿಸಲು ಕೂರೋರು. ಮೊದಮೊದಲು ನಾನು ಬೆಚ್ಚಿಬೀಳುತ್ತಿದ್ದೆ. "ನಾನೇ ಕಣವ್ವ" ಅನ್ನೋರು. ಗುಬ್ಬಿ ಸಂತೆಯಲ್ಲಿ ಕಂಡವರ ಸುದ್ದಿ, ನನ್ನ ಸಾರಿಗೆ ಹುಳಿ ಕಮ್ಮಿ ಅನ್ನುವ ದೂರು, ಅತ್ತೆಯವರ ಮುಂಗೋಪ, ಎಲ್ಲ ಆ ಸ್ಟೂಲಿನ ಮೇಲೆ ನನಗೆ ಸಿಕ್ಕಿತು.

ಹೋದ ವರ್ಷ ಶ್ರಾವಣದಲ್ಲಿ ಬೆಳಗಿನ ಪೂಜೆ ಮುಗಿಸಿ ಮಲಗಿದವರು ಏಳಲಿಲ್ಲ.

ಈಗ ಒಲೆ ಮುಂದೆ ನಿಂತಿರುವಾಗ ಹಿಂದೆ ಯಾರಾದರೂ ಕೆಮ್ಮಿದರೆ ನಾನು ತಿರುಗುವುದಿಲ್ಲ, ಅದು ಬೇರೆ ಯಾರೋ. ಏನೂ ಸದ್ದಿಲ್ಲದಾಗ ತಿರುಗಿ ನೋಡುತ್ತೇನೆ.