ಒಂದು ಬೆರಳು ಹೆಚ್ಚು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನನ್ನ ಅಬ್ಬಾ ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಿದ್ದರು. ಅವರಿಂದ ನಾನು ಕಲಿತ ಮೊದಲ ಪಾಠ: ಅಳತೆಗಿಂತ ಒಂದು ಬೆರಳು ಹೆಚ್ಚೇ ಕತ್ತರಿಸು. ಹೆಚ್ಚಾದದ್ದನ್ನು ಹಿಡಿಯಬಹುದು, ಕಮ್ಮಿಯಾದದ್ದನ್ನು ಬೆಳೆಸಲಾಗದು. ಆ ಪಾಠವೇ ಮೊನ್ನೆ ನನ್ನ ಮಾನ ಕಳೆಯುವುದರಲ್ಲಿತ್ತು.

ಈಗ ನನ್ನ ಕೆಲಸ ಗೋಲ್ಡನ್ ಗೇಟ್ ಸೇತುವೆಯ ಕೊಲ್ಲಿಯ ದಡದ ಊರು ಅಲಮೀಡಾದಲ್ಲಿ, ದೋಣಿಗಳ ಹಾಯಿ ಹೊಲಿಯುವ ಶೆಡ್ಡಿನಲ್ಲಿ. ಮಾರ್ಗನ್ ಹಿಲ್ಲಿನ ಮನೆಯಿಂದ ಫ್ರೀವೇ ಹಿಡಿದು ದಿನಾ ಬರುತ್ತೇನೆ. ಅಲ್ಲಿಗೆ ಬರುವ ಗಿರಾಕಿಗಳಲ್ಲಿ ನಾರ್ವೆಯ ಮುದುಕರೊಬ್ಬರಿದ್ದಾರೆ. ಪ್ರಾಯದಲ್ಲಿ ಹಾಯಿದೋಣಿ ರೇಸುಗಳ ಚಾಂಪಿಯನ್, ಆಮೇಲೆ ದೋಣಿಗಳ ವಿನ್ಯಾಸಕಾರ. ಇವತ್ತಿಗೂ ಕಂಪ್ಯೂಟರ್ ಮುಟ್ಟುವುದಿಲ್ಲ. ತೆಳ್ಳನೆಯ ಮರದ ಪಟ್ಟಿಯನ್ನು ಕಾಗದದ ಮೇಲೆ ಬಗ್ಗಿಸಿ, ಸೀಸದ ಗುಂಡುಗಳನ್ನು ಹೇರಿ ನಿಲ್ಲಿಸಿ, ಅದರ ಗುಂಟ ಪೆನ್ಸಿಲ್ ಎಳೆದು ದೋಣಿ ಬರೆಯುತ್ತಾರೆ. ಮಾತು ಕಡಿಮೆ. ಮುಖ ಸದಾ ಹರಳೆಣ್ಣೆ ಕುಡಿದವರ ಹಾಗೆ.

ಈ ವರ್ಷ ಅವರು ಹೊಸ ದೋಣಿಯೊಂದನ್ನು ಮುಗಿಸಿದರು. "ಇದೇ ಕೊನೇದು. ಇನ್ನು ಕೈ ನಡುಗುತ್ತೆ" ಎಂದರು. ಅದರ ದೊಡ್ಡ ಹಾಯಿಯನ್ನು ನಾನೊಬ್ಬಳೇ ಮಾಡುತ್ತೇನೆಂದು ಹಟ ಹಿಡಿದೆ. ಅವರು ನನ್ನ ಹಳೆಯ ಹೊಲಿಗೆಯೊಂದರ ಮೇಲೆ ಹೆಬ್ಬೆರಳು ಓಡಿಸಿ ನೋಡಿ, ಸರಿ ಎಂದು ತಲೆಯಾಡಿಸಿದರು. ಒಂದು ವಾರ ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ರೇಸಿನ ಬೆಳಗ್ಗೆ ಕ್ಲಬ್ಬಿನ ಹಾಲಿನಲ್ಲಿ ಹಾಯಿಗಳನ್ನು ಹಾಸಿ ಅಳೆಯುತ್ತಿದ್ದರು. ಇಂತಿಷ್ಟೇ ಅಗಲ, ಅದಕ್ಕಿಂತ ಕೂದಲೆಳೆ ಹೆಚ್ಚಾದರೂ ಆ ದೋಣಿ ರೇಸಿನಿಂದ ಹೊರಗೆ. ಅಳತೆಗಾರ ಟೇಪು ಎಳೆದ, ಮತ್ತೊಮ್ಮೆ ಎಳೆದ. "ದೊಡ್ಡದಾಗಿದೆ" ಎಂದ.

ಎಷ್ಟು ಅಂತ ಕೇಳಬೇಕಾಗಿರಲಿಲ್ಲ. ಬೆಳೆಯುವ ಮಗುವಿನ ಅಂಗಿಗೆ ಬಿಟ್ಟಂತೆ ಹಾಯಿಯ ಹಿಂದಿನ ಅಂಚಿಗೂ ನನ್ನ ಕೈ ತಾನಾಗಿಯೇ ಒಂದು ಬೆರಳು ಬಿಟ್ಟಿತ್ತು! ಮುದುಕರ ಕೊನೆಯ ದೋಣಿ, ಅದರ ಮೊದಲ ರೇಸು, ನನ್ನ ಕತ್ತರಿಯಿಂದ ಹಾಳು. ಮಾಡಿದ್ದುಣ್ಣೋ ಮಹರಾಯ.

ಯಾರೋ ಬೇರೆ ಹಾಯಿ ಕೊಡುತ್ತೇನೆಂದರು. ಮುದುಕರು ಅವರತ್ತ ನೋಡಲೂ ಇಲ್ಲ. "ಎಷ್ಟು ಹೊತ್ತು ಬೇಕು?" ಎಂದು ನನ್ನನ್ನೇ ಕೇಳಿದರು.

"ಒಂದು ಗಂಟೆ ಕೊಡಿ ಸರ್" ಎಂದೆ. ಒಂದೂವರೆ ಬೇಕಿತ್ತು.

ಪಕ್ಕದ ಬೀದಿಯಲ್ಲಿದ್ದ ಶೆಡ್ಡಿಗೆ ಹಾಯಿಯನ್ನು ಹೊತ್ತುಕೊಂಡು ಓಡಿದೆವು. ರೇಸು ನೋಡಲು ಬಂದಿದ್ದ ನನ್ನ ಮಗಳೂ ಜೊತೆಗಿದ್ದಳು. ಅಂಚು ಬಿಚ್ಚಿದೆ, ಕತ್ತರಿಸಿದೆ, ಮಡಿಸಿದೆ, ಮಿಷನ್ನಿಗೆ ಕೊಟ್ಟೆ. ಎದುರಿಗೆ ಮಂಡಿಯೂರಿ ಬಟ್ಟೆ ಹಿಡಿದಿದ್ದವರು ಸಾಕ್ಷಾತ್ ಚಾಂಪಿಯನ್ನರು! ಅವರೋ, ದೋಣಿಯ ಹಗ್ಗ ಎಳೆದ ಅಭ್ಯಾಸದಲ್ಲಿ ಜಗ್ಗುತ್ತಿದ್ದರು.

"ಎಳೀಬೇಡಿ ಸರ್, ಸುಮ್ನೆ ಹಿಡ್ಕೊಳ್ಳಿ! ಸ್ಟಿಚ್ಚು ಸೊಟ್ಟ ಆಗುತ್ತೆ!" ಎಂದು ಗದರಿಬಿಟ್ಟೆ.

"ಅಮ್ಮಿ, ಬಿ ನೈಸ್" ಎಂದಳು ಮಗಳು.

ಎರಡನೆಯ ಸಲ ಅಳತೆಗಾರ ಸರಿ ಎಂದು ತಲೆಯಾಡಿಸಿದಾಗ ರೇಸಿಗೆ ಹತ್ತೇ ನಿಮಿಷವಿತ್ತು. ಮುದುಕರು ತಾವೇ ಚುಕ್ಕಾಣಿ ಹಿಡಿಯಲು ದೋಣಿ ಹತ್ತಿದರು.

ಮಧ್ಯಾಹ್ನ ಗೋಲ್ಡನ್ ಗೇಟ್ ಕಡೆಯಿಂದ ಗಾಳಿ ನುಗ್ಗಿತು. ದಡದ ಬಂಡೆಗಳ ಮೇಲೆ ನಿಂತ ನನಗೆ ಬೇರೆ ದೋಣಿಗಳು ಕಾಣಲೇ ಇಲ್ಲ, ಆ ಅಂಚೊಂದೇ ಕಂಡಿತು. ಗಡಿಬಿಡಿಯ ಹೊಲಿಗೆ, ಎಲ್ಲಿ ಬಿಟ್ಟುಕೊಳ್ಳುತ್ತದೋ! ಆದರೆ ಹಾಯಿ ಉಬ್ಬಿತು, ಒಂದು ಸುಕ್ಕಿಲ್ಲದೆ ಉಬ್ಬಿತು. ಐದನೆಯದಾಗಿದ್ದ ನಮ್ಮ ದೋಣಿ ಮೂರನೆಯದಾಯಿತು, ಎರಡನೆಯದಾಯಿತು.

"ಅಮ್ಮಿ, ದೇ ಆರ್ ಲೀಡಿಂಗ್!" ಮಗಳು ಬೈನಾಕ್ಯುಲರ್ ಹಿಡಿದು ಕುಣಿದಳು. ನಾನೂ ಕುಣಿದೆ, ಈ ವಯಸ್ಸಿನಲ್ಲಿ, ಬಂಡೆಯ ಮೇಲೆ.

ಕೊನೆಯ ತಿರುವಿನಲ್ಲಿ ಅವರ ದೋಣಿ ತುಸು ಅಗಲವಾಗಿ ತಿರುಗಿತು. ಹಿಂದಿದ್ದವರು ಒಳಗಿನಿಂದ ನುಸುಳಿ ಮೊದಲು ಗುರಿ ಮುಟ್ಟಿದರು. ನಮ್ಮದು ಎರಡನೆಯದು.

ಬೆಳಗಿನ ಓಟ, ಗಡಿಬಿಡಿಯಲ್ಲೇ ಅವರ ಕೈ ಸೋತಿರಬೇಕು, ಎಲ್ಲಾ ನನ್ನಿಂದಲೇ ಎನಿಸಿತು. ಕ್ಷಮೆ ಕೇಳುವ ಮಾತುಗಳನ್ನು ಬಾಯಿಪಾಠ ಮಾಡುತ್ತ ದೋಣಿಗಳು ನಿಲ್ಲುವ ಕಟ್ಟೆಗೆ ಇಳಿದೆ. ಮುದುಕರು ದೋಣಿಯಿಂದ ಇಳಿದವರೇ ನೆಟ್ಟಗೆ ನನ್ನ ಬಳಿ ಬಂದರು. ನಾನು ಬಾಯಿ ತೆರೆಯುವ ಮೊದಲೇ, ಎಲ್ಲರ ಎದುರಿಗೆ, "ಹಾಯಿ ಗೆದ್ದಿತ್ತು. ತಿರುವಿನಲ್ಲಿ ನಾನು ಸೋತೆ" ಎಂದರು.

ಬಾಯಿಪಾಠ ಮಾಡಿದ ಕ್ಷಮೆಯೆಲ್ಲ ಮರೆತೇ ಹೋಯಿತು. ಮರುಕ್ಷಣವೇ ಎಲ್ಲಿತ್ತೋ ಆ ರೋಷ.

"ಅಂಥಾ ಹಾಯಿ ಕೈಗೆ ಕೊಟ್ರೂ ಸೋತ್‌ಬಿಟ್ರಲ್ಲಾ ಸರ್!" ಎಂದು ಇಡೀ ಕಟ್ಟೆಗೆ ಕೇಳುವಂತೆ ಚಾಂಪಿಯನ್ನರನ್ನು ಬೈದೆ.