ಶಿವಮೊಗ್ಗಕ್ಕೆ ಒಂದು ಗಂಟೆಯ ಹಾರಾಟ

ಬೆಂಗಳೂರಿನ ಒಂದು ಮನೆಯಲ್ಲಿ ವಯಸ್ಸಾದ ಅಮ್ಮನೊಬ್ಬರನ್ನು ನೋಡಿಕೊಳ್ಳುವ ಕೆಲಸ ನನ್ನದು. ಅವರು ನರಸಿಂಹರಾಜಪುರದವರು, ನಾನು ಶೃಂಗೇರಿ ಹತ್ತಿರದ ಮೆಣಸೆಯವಳು. ಊರ ಕಡೆಯ ಮಾತು ಕಿವಿಗೆ ಬೀಳಲಿ ಎಂದೇ ಅವರ ಮಗಳು ನನ್ನನ್ನು ಇಟ್ಟುಕೊಂಡಿದ್ದರು. ಸೊಂಟದ ಮೂಳೆ ಮುರಿದು ಆಪರೇಷನ್ ಆದಮೇಲೆ ಅಮ್ಮ ಹೆಚ್ಚು ಹೊತ್ತು ಕೂರುವಂತಿರಲಿಲ್ಲ.

ಮಳೆಗಾಲದಲ್ಲಿ ಊರಿನಿಂದ ಫೋನ್ ಬಂತು. ಅಮ್ಮನ ಅಕ್ಕನಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ಕರೆದುಕೊಂಡು ಹೋಗುವವರೆಗೂ ಊಟ ಮಾಡುವುದಿಲ್ಲವೆಂದು ಅಮ್ಮ ಹಟ ಹಿಡಿದರು. ಮಗಳು ಮೊಬೈಲಿನಲ್ಲಿ ಹುಡುಕಿದರು. ಕಾರಿನಲ್ಲಾದರೆ ಹೆಚ್ಚುಕಮ್ಮಿ ಇಡೀ ದಿನ. ವಿಮಾನದಲ್ಲಿ ಶಿವಮೊಗ್ಗಕ್ಕೆ ಒಂದು ಗಂಟೆ, ಅಲ್ಲಿಂದ ಊರು ಹತ್ತಿರ. ನಮ್ಮಿಬ್ಬರಿಗೂ ಟಿಕೆಟ್ ಆಯಿತು.

ನಾನೂ ಅದುವರೆಗೆ ವಿಮಾನ ಹತ್ತಿದವಳಲ್ಲ. ಪಕ್ಕದವರನ್ನು ನೋಡಿ ಅಮ್ಮನಿಗೂ ನನಗೂ ಬೆಲ್ಟ್ ಬಿಗಿದೆ. ಗಂಟೆ ಕಳೆದರೂ ವಿಮಾನ ಇಳಿಯಲಿಲ್ಲ. ಕೆಳಗೆ ದಟ್ಟ ಮೋಡ, ರನ್‌ವೇ ಕಾಣುತ್ತಿಲ್ಲ, ಸ್ವಲ್ಪ ಹೊತ್ತು ಸುತ್ತುತ್ತೇವೆ ಎಂದು ಪೈಲಟ್ ಹೇಳಿದರು. ಒಂದು ಕಡೆ ಮೋಡ ಹರಿಯಿತು. ಅಮ್ಮ ಕಿಟಕಿಗೆ ಮುಖ ಒತ್ತಿದರು.

"ಕೂಸೇ, ನೋಡು, ಭದ್ರಾ ಹಿನ್ನೀರು! ಅಕ್ಕನ ಮನೆ ಅಲ್ಲೇ."

ನೋಡುವಷ್ಟರಲ್ಲಿ ಮತ್ತೆ ಬಿಳಿ ಮುಚ್ಚಿತು. ಆಮೇಲೆ ವಿಮಾನ ಬೆಂಗಳೂರಿಗೇ ವಾಪಸ್ ಎಂದರು. ಅಮ್ಮ ಬೆಲ್ಟಿಗೆ ಕೈಹಾಕಿ ಎಳೆದರು.

"ಇಲ್ಲೇ ಇಳಿಸೋಕೆ ಹೇಳು ಮಾರಾಯ್ತಿ!"

"ಹೆಂಗೆ ಇಳಿಸ್ತಾರೆ ಅಮ್ಮ, ಆಕಾಶದಲ್ಲಿದೀವಿ."

ಅವರ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದು ಕೂತೆ. ನೋಯುತ್ತಿತ್ತೇನೋ, ಬಿಡಿಸಿಕೊಳ್ಳಲು ನೋಡಿದರು, ನಾನು ಬಿಡಲಿಲ್ಲ. ನಮ್ಮೂರೂ ಆ ಮೋಡದ ಕೆಳಗೇ ಎಲ್ಲೋ ಇತ್ತು.

ಬೆಳಿಗ್ಗೆ ಬಿಟ್ಟ ಜಾಗಕ್ಕೇ ಬಂದು ಇಳಿದೆವು. "ಮನೆಗೆ ಬನ್ನಿ, ಮುಂದಿನ ವಾರ ನೋಡೋಣ" ಎಂದರು ಮಗಳು ಫೋನಿನಲ್ಲಿ. ಗಾಲಿಕುರ್ಚಿಯಲ್ಲಿದ್ದ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅದುವರೆಗೆ ಮಗಳಿಗೆ ಎದುರು ಮಾತಾಡದ ನಾನು, "ಕಾರಲ್ಲಿ ಮಲಗಿಸ್ಕೊಂಡು ಹೋಗ್ತೀನಿ. ಇವತ್ತೇ ಹೋಗ್ಬೇಕು" ಎಂದೆ. ಬೈದರು, ಆಮೇಲೆ ಒಪ್ಪಿದರು.

ಹಿಂದಿನ ಸೀಟಿನಲ್ಲಿ ಅಮ್ಮನ ತಲೆ ನನ್ನ ತೊಡೆಯ ಮೇಲೆ. ಪ್ರತಿ ಗುಂಡಿಗೂ ನರಳುತ್ತಿದ್ದರು. ತರೀಕೆರೆ ದಾಟುವಾಗ ಕತ್ತಲಾಗಿತ್ತು.

ಊರು ಮುಟ್ಟಿದಾಗ ಅಕ್ಕ, ತಂಗಿಯ ಗುರುತು ಹಿಡಿದರು. ಬಾಯಿ ಬರಲಿಲ್ಲ, ಸರಿಯಿದ್ದ ಕೈಯಿಂದ ತಂಗಿಯ ಗಲ್ಲ ಸವರಿದರು. ಪಕ್ಕದಲ್ಲೇ ಇನ್ನೊಂದು ಮಂಚ ಹಾಕಿಸಿದೆವು. ಆ ಪ್ರಯಾಣದ ನೋವಿಗೆ ಅಮ್ಮ ಹಾಸಿಗೆ ಹಿಡಿದರು. ಇಬ್ಬರನ್ನೂ ಎತ್ತಿ ಕೂರಿಸಲು ನಾನೊಬ್ಬಳೇ. ಮೆಣಸೆಗೆ ಒಂದು ದಿನ ಹೋಗಿಬರುತ್ತೇನೆ ಎಂದು ಕೇಳಿದಾಗಲೆಲ್ಲ "ಇವರನ್ನ ಯಾರು ನೋಡ್ತಾರೆ?" ಎಂಬುದೇ ಫೋನಿನಲ್ಲಿ ಮಗಳ ಉತ್ತರ.

ಕೊನೆಗೆ ನನ್ನ ಅವ್ವನೇ ಕೊಪ್ಪದಲ್ಲಿ ಬಸ್ ಬದಲಿಸಿ ಬಂದಳು. ಅಡುಗೆಮನೆಯಲ್ಲಿ ಕೂತು ನನ್ನ ಕೈ ಮುಟ್ಟಿ, "ಎಷ್ಟು ಸೊರಗಿದೀಯೇ" ಎಂದಳು. ಅವಳು ಮಧ್ಯಾಹ್ನದ ಬಸ್ಸಿಗೆ ಹೊರಟಾಗ ನಿಲ್ದಾಣದವರೆಗೆ ಬಿಟ್ಟುಬರಲು ಚಪ್ಪಲಿ ಮೆಟ್ಟಿದ್ದೆ. ಒಳಗಿನಿಂದ ಅಮ್ಮ ಕರೆದರು.

"ಹೋಗು, ಪಾಪ, ಏನು ಬೇಕೋ" ಎಂದು ಅವ್ವ ಕೊಡೆ ಬಿಚ್ಚಿ ಗೇಟು ದಾಟಿದಳು.